ಮೆಲ್ಲುವ ಬಾಯಿ

ಬಸ್ಸು ಇನ್ನೂ ಹೊರಟಿರಲಿಲ್ಲ, ಆಗಲೇ ಬಸವರಾಜೇಶ್ವರಿಗೆ ಇಳಿದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಕಾರ್ತಿಕದ ಎಳೆಬಿಸಿಲು ತೊಡೆಯ ಮೇಲಿನ ಚೀಲದ ಮೇಲೆ ಬಿದ್ದಿತ್ತು. ಚೀಲದಲ್ಲಿ ಸೇವಂತಿಗೆ ಹೂವು, ಬಾಳೆಹಣ್ಣು, ಶಿವಮೊಗ್ಗದ ಗಾಂಧಿ ಬಜಾರಿನ ತಮ್ಮದೇ ಅಂಗಡಿಯಿಂದ ತೆಗೆಸಿದ ಹಸಿರು ಸೀರೆ. ಭದ್ರಾವತಿಯ ತವರಲ್ಲಿರುವ ಸೊಸೆಯನ್ನು ಕರೆದುಕೊಂಡು ಬರಲು ಹೊರಟ ಅತ್ತೆ ಹೇಗಿರಬೇಕೋ ಹಾಗೇ ಇದ್ದಳು, ನೋಡುವವರ ಕಣ್ಣಿಗೆ. ದುರ್ಗಿಗುಡಿಯ ಜನ ಅವಳನ್ನು ರಾಜಮ್ಮ ಅನ್ನುತ್ತಿದ್ದರು. ಹೊರಡುವಾಗ ಎದುರುಮನೆಯವಳು ಗೇಟಿನ ಹತ್ತಿರವೇ ನಿಂತು, ‘ಏನ್ ರಾಜಮ್ಮ, ಸೊಸೇನ ಕರ್ಕೊಂಡ್ ಬರ್ತಿದೀರಂತೆ, ಒಳ್ಳೇದಾಯ್ತು ಬಿಡಿ’ ಅಂದಿದ್ದಳು. ಒಳ್ಳೇದಾಯ್ತು ಬಿಡಿ ಅಂದದ್ದರಲ್ಲಿ ಏನೋ ಇತ್ತು. ಯುಗಾದಿಯಾದ ಮೇಲೆ ಒಂದು ಬೆಳಿಗ್ಗೆ ಸೊಸೆ ತನುಜಾಳನ್ನು ತವರಿಗೆ ಕಳಿಸುವ ವ್ಯಾನಿಗೆ ಹತ್ತಿಸಿದಾಗಲೂ ಅವಳು ಅದೇ ಗೇಟಿನ ಹತ್ತಿರವೇ ನಿಂತಿದ್ದಳು. ಕಾರು ತೆಗೆದುಕೊಂಡು ಹೋಗಿ ಅಂತ ಮಗ ವೀರೇಂದ್ರ ಎಷ್ಟು ಹೇಳಿದರೂ ರಾಜಮ್ಮ ಬೇಡ ಅಂದಳು. ಕಾರಿನ ಹಿಂದಿನ ಸೀಟಿನಲ್ಲಿ ಆ ಹುಡುಗಿಯ ಪಕ್ಕ ಒಬ್ಬಳೇ ಕೂರಬೇಕಾಗುತ್ತದಲ್ಲ ಅನ್ನುವುದು ಒಳಗಿನ ಕಾರಣ. ಬಸ್ಸಿನಲ್ಲಾದರೆ ನಾಲ್ಕು ಜನರಿರುತ್ತಾರೆ.

ತನುಜಾಗೆ ಏನೂ ನೆನಪಿಲ್ಲಮ್ಮ ಅಂತ ವೀರೇಂದ್ರ ಹೇಳಿದ ದಿನ ರಾಜಮ್ಮ ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ‘ಏನೂ ಅಂದ್ರೆ?’ ಅಂದಳು. ‘ಯುಗಾದಿಯಿಂದ ಶ್ರಾವಣದ ತನಕ ಏನೂ ಇಲ್ಲ. ಹಬ್ಬದ ಹಿಂದಿನ ದಿನ ಬೇವಿನ ಸೊಪ್ಪು ಕೊಂಡದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟದ್ದು ಆಸ್ಪತ್ರೇಲಿ.’ ಅವನು ಅಷ್ಟು ಹೇಳಿ ಅಂಗಡಿಗೆ ಹೋದ. ರಾಜಮ್ಮ ಇನ್ನೂ ತುರಿಯುತ್ತಲೇ ಇದ್ದಳು. ನಾಲಿಗೆಯ ಅಡಿಯಲ್ಲಿ ಯಾರೋ ಬೆಲ್ಲದ ಚೂರು ಇಟ್ಟ ಹಾಗೆ ಮೆಲ್ಲಗೆ ಏನೋ ಕರಗತೊಡಗಿತ್ತು. ಹಾಗಾದರೆ ಆ ದಿನವೂ ಇಲ್ಲ. ಆ ಮಾತೂ ಇಲ್ಲ. ಆ ಏಟೂ ಇಲ್ಲ. ಚಿಪ್ಪಿನ ಕಂದು ಪುಡಿ ಕಾಯಿಯ ಜೊತೆ ಬೀಳುತ್ತಿದೆ ಅಂತ ಗೊತ್ತಾದಾಗ ಎದ್ದು ಕೈ ತೊಳೆದುಕೊಂಡಳು. ಒಂದು ಹೆಣ್ಣು ಸತ್ತು ಬದುಕಿದ ಸುದ್ದಿಗೆ ಬಾರದ ಸಮಾಧಾನ ಅವಳಿಗೆ ಮರೆವು ಬಂದಿದೆ ಅನ್ನುವ ಸುದ್ದಿಗೆ ಬಂತಲ್ಲ. ಅದನ್ನು ನೆನೆದು ಆ ರಾತ್ರಿ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆದರೆ ಸಮಾಧಾನವೂ ಹೋಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲದ ಹಾಗೆ ಎರಡೂ ಒಟ್ಟಿಗೇ ಉಳಿದವು.

ಬಸ್ಸು ಹೊರಟಿತು. ಡ್ರೈವರಿನ ತಲೆಯ ಮೇಲಿನ ಕನ್ನಡಿಯಲ್ಲಿ ಒಂದು ಮುಖ ಕಾಣಿಸಿತು. ಬಾಯಿ ಮೆಲ್ಲುತ್ತಿದೆ. ಯಾರೋ ಅಂದುಕೊಂಡು ನೋಡಿದರೆ ಅವಳದೇ. ಬಾಯಲ್ಲಿ ಏನೂ ಇರಲಿಲ್ಲ. ಎಲೆಅಡಿಕೆ ಬಿಟ್ಟು ಏಳು ತಿಂಗಳಾಯಿತು, ದವಡೆ ಇನ್ನೂ ಬಿಟ್ಟಿಲ್ಲ. ತುಟಿ ಬಿಗಿಹಿಡಿದು ಕೂತಳು. ಆ ಮೆಲ್ಲುವ ರೀತಿ ಅವಳದೇ ಒಂದು. ಕೆಳದವಡೆ ಎಡಕ್ಕೆ ಜಾರಿ, ಅಲ್ಲಿ ಒಂದು ಗಳಿಗೆ ನಿಂತು, ಮತ್ತೆ ವಾಪಸು. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಅತ್ತೆ ಬಂದವರೆದುರಿಗೆಲ್ಲ, ‘ನಮ್ಮ ಸೊಸೆ ನೋಡಿ, ಎಮ್ಮೆ ಮೆಲುಕು ಹಾಕ್ದಂಗೆ’ ಅನ್ನುತ್ತಿದ್ದಳು. ಆಗಿನ್ನೂ ಹದಿನೇಳೋ ಹದಿನೆಂಟೋ. ಉಣ್ಣುವಾಗಲೂ ಸೆರಗು ಮುಚ್ಚಿಕೊಂಡು ಉಣ್ಣುತ್ತಿದ್ದಳು. ಅತ್ತೆ ಹೋದಳು, ಗಂಡನಿಗೆ ಲಕ್ವ ಹೊಡೆದು ಅವನೂ ಹೋದ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ತಾನೇ ಕೂತಳು. ಆಗ ಯಾರೂ ಅನ್ನಲಿಲ್ಲ. ಆದರೂ ಅಂಗಡಿಯಲ್ಲಿ ಸೀರೆ ಮಡಿಸುವವರು ಬೆನ್ನ ಹಿಂದೆ ದವಡೆ ಎಡಕ್ಕೆ ಜಾರಿಸಿ ನಗುವುದನ್ನು ಗಾಜಿನ ಬೀರುವಿನಲ್ಲಿ ಒಮ್ಮೆ ಕಂಡಿದ್ದಳು. ಕಂಡೂ ಕಾಣದ ಹಾಗೆ ಇದ್ದಳು.

ಯುಗಾದಿಯ ಮಾರನೆಯ ದಿನ ರಾಜಮ್ಮನ ಅಣ್ಣ ಜಂಬಣ್ಣ, ಅತ್ತಿಗೆ ಬಂದಿದ್ದರು. ತನುಜಾ ಅದಕ್ಕೆ ಮುಂಚಿನ ದಿನಗಳಿಂದಲೇ ಒಂದು ನಮೂನೆ ಆಗಿದ್ದಳು. ಜ್ವರ ಬಂದು ಹೋಗಿತ್ತು. ನಿದ್ದೆ ಮಾಡುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ನಗುತ್ತಿದ್ದಳು. ಬಾಗಿಲು ತೆಗೆದು ಇಟ್ಟರೆ ಯಾಕೆ ತೆಗೆದಿರಿ, ಮುಚ್ಚಿದರೆ ಯಾಕೆ ಮುಚ್ಚಿದಿರಿ ಅನ್ನುತ್ತಿದ್ದಳು. ಹೊಸ ಮದುಮಗಳ ಗೀಳು ಅಂದುಕೊಂಡಿದ್ದಳು ರಾಜಮ್ಮ. ಓದಿದ ಹುಡುಗಿಯ ಜಂಬ ಅಂತಲೂ ಅಂದುಕೊಂಡಿದ್ದಳು. ಆವತ್ತು ಊಟವಾದ ಮೇಲೆ ಎಲ್ಲರೂ ಹಜಾರದಲ್ಲಿ ಕೂತಿದ್ದರು. ರಾಜಮ್ಮ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು. ಎದುರಿನ ಕಂಬಕ್ಕೆ ಒರಗಿ ನಿಂತ ತನುಜಾ ಅವಳನ್ನೇ ನೋಡುತ್ತ ಮೆಲ್ಲತೊಡಗಿದಳು. ಬಾಯಲ್ಲಿ ಏನೂ ಇಲ್ಲ. ದವಡೆ ಎಡಕ್ಕೆ ಜಾರಿತು, ನಿಂತಿತು, ವಾಪಸು ಬಂತು. ಮತ್ತೆ ಜಾರಿತು. ತುಟಿ ಚೂಪು ಮಾಡಿ, ನಾಲಿಗೆ ತುಸು ಹೊರಗೆ ಬಂದು, ಒಳಗೆ. ಅತ್ತಿಗೆ ಸೊಸೆಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ‘ಏನ್ ರಾಜಿ, ನಿನ್ ಸೊಸೆ ಥೇಟ್ ನಿನ್ ಥರಾನೇ ಮೆಲ್ತಾಳಲ್ಲೇ!’ ಅಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಂಬಣ್ಣ ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ವೀರೇಂದ್ರನ ತುಟಿಯೂ ಅಲುಗಿತು. ಅದನ್ನು ರಾಜಮ್ಮ ಕಂಡಳು. ‘ನಿಲ್ಸೇ’ ಅಂದಳು. ಹುಡುಗಿ ನಿಲ್ಲಿಸಲಿಲ್ಲ. ‘ನಿಲ್ಸೇ ಅಂದೆ.’ ಎದ್ದುಹೋಗಿ ಬಾಯಿಯ ಮೇಲೇ ಹೊಡೆದಳು. ಬೆರಳಿನ ಉಂಗುರ ತಗುಲಿ ಕೆಳತುಟಿ ಸೀಳಿತು. ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತೇನೋ. ಆದರೆ ಆ ಬಾಯಿ ಅತ್ತಿದ್ದರೆ, ಬೈದಿದ್ದರೆ, ಏನಾದರೂ ಅಂದಿದ್ದರೆ! ರಕ್ತ ಗದ್ದಕ್ಕೆ ಇಳಿಯುತ್ತಿದ್ದರೂ ಆ ಬಾಯಿ ಮೆಲ್ಲುತ್ತಲೇ ಇತ್ತು. ಎಡಕ್ಕೆ ಜಾರಿತು, ನಿಂತಿತು, ವಾಪಸು. ರಾಜಮ್ಮ ಇನ್ನೊಮ್ಮೆ ಹೊಡೆದಳು.

ಹುಚ್ಚಿನ ಮನೆತನದ ಹೆಣ್ಣನ್ನು ಮುಚ್ಚಿಟ್ಟು ನಮ್ಮ ತಲೆಗೆ ಕಟ್ಟಿದರು ಅಂತ ಆವತ್ತೇ ತೀರ್ಮಾನವಾಯಿತು. ತೀರ್ಮಾನ ಮಾಡಿದ್ದು ತಾನೇ. ವೀರೇಂದ್ರ, ‘ನೀವೇನ್ ಮಾಡ್ತೀರೋ ಮಾಡಿಮ್ಮ’ ಅಂದು ಅಂಗಡಿಯ ಬೀಗದಕೈ ತೆಗೆದುಕೊಂಡು ಹೋದ. ಮೂರು ವರ್ಷದವನಿದ್ದಾಗ ಬಿದ್ದು ಅತ್ತರೂ ಅವನು ಹಾಗೇ ಮಾಡುತ್ತಿದ್ದ, ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದ. ಮರುದಿನ ಬೆಳಿಗ್ಗೆ ಬಾಡಿಗೆಯ ವ್ಯಾನು ಬಂತು. ಹೊಸಿಲು ದಾಟಿ ತವರಿಗೆ ಹೋಗುವ ಸೊಸೆಯ ಹಣೆಗೆ ಕುಂಕುಮ ಇಟ್ಟು, ಮುಡಿಗೆ ಹೂವು ಕೊಟ್ಟು ಕಳಿಸುವುದು ಆ ಮನೆಯ ನಡತೆ. ರಾಜಮ್ಮ ಇಡಲಿಲ್ಲ. ಕುಂಕುಮದ ಬಟ್ಟಲು ದೇವರ ಗೂಡಿನಲ್ಲೇ ಇತ್ತು, ನಾಲ್ಕು ಹೆಜ್ಜೆ. ವ್ಯಾನಿನವನಿಗೆ, ‘ಮನೆ ಮುಂದೆ ಇಳಿಸಿ ಬಂದುಬಿಡಪ್ಪ, ಕಾಯ್ಬೇಡ’ ಅಂದಳು. ಕಿಟಕಿಯೊಳಗೆ ತನುಜಾ ಕೈಯನ್ನು ಗಾಳಿಯಲ್ಲಿ ಎತ್ತಿ ಹಾಗೇ ಹಿಡಿದಿದ್ದಳು, ಯಾರಿಗೋ ಬರ್ತೀನಿ ಅನ್ನುವ ಹಾಗೆ, ಅರ್ಧಕ್ಕೆ ಮರೆತುಹೋದ ಹಾಗೆ.

ಬಸ್ಸು ನಿದಿಗೆ ಊರು ದಾಟಿತು. ರಸ್ತೆ ಬದಿಯಲ್ಲಿ ಯಾರೋ ಅಡಿಕೆ ಹರವಿದ್ದರು. ಇದೆಲ್ಲ ಕಾಯಿಲೆ ಅಂತ ಗೊತ್ತಾದದ್ದು ಎಷ್ಟೋ ತಡವಾಗಿ. ಭದ್ರಾವತಿಯಲ್ಲಿ ಫಿಟ್ಸು ಬಂತು, ಪ್ರಜ್ಞೆ ತಪ್ಪಿತು, ಬೆಂಗಳೂರಿಗೆ ಒಯ್ದರು, ಬೆನ್ನಿನ ನೀರು ತೆಗೆದು ಎಲ್ಲಿಗೋ ಕಳಿಸಿದರು, ಹೊಟ್ಟೆ ಕೊಯ್ದರು ಅನ್ನುವ ಸುದ್ದಿ ತುಂಡುತುಂಡಾಗಿ ವೀರೇಂದ್ರನ ಬಾಯಲ್ಲಿ ಬರುತ್ತಿತ್ತು. ಅವನು ವಾರವಾರ ಹೋಗುತ್ತಿದ್ದ. ರಾಜಮ್ಮ ಅವನ ಕೈಯಲ್ಲಿ ಹಣ್ಣು ಕಳಿಸುತ್ತಿದ್ದಳು. ತಾನು ಹೋಗಲಿಲ್ಲ. ದಸರಾ ಮುಗಿದ ಮೇಲೆ ಬಿ.ಪಿ. ತೋರಿಸಲು ಡಾಕ್ಟರ್ ರವಿಶಂಕರರ ಹತ್ತಿರ ಹೋದಾಗ, ತನುಜಾಳ ಕಾಗದಗಳನ್ನು ನೋಡಿದ್ದ ಅವರೇ ಮಾತು ತೆಗೆದರು. ತಾಳ್ಮೆಯ ಮನುಷ್ಯ. ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ಹೇಳಿದರು.

‘ನೋಡಿಮ್ಮ, ಮೆದುಳಲ್ಲಿ ಕೋಟಿಗಟ್ಲೆ ಜೀವಕೋಶ. ಒಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸ್ತಾ ಇರ್ತಾವೆ. ಆ ಸುದ್ದಿ ಒಯ್ಯೋದರಲ್ಲಿ ಮುಖ್ಯವಾದ್ದು ಗ್ಲುಟಮೇಟ್ ಅನ್ನೋ ಒಂದು ಪದಾರ್ಥ. ಅದು ಹೋಗಿ ಬಾಗಿಲು ತಟ್ಟಬೇಕು. ಅಂಥ ಬಾಗಿಲಲ್ಲೇ ಒಂದು ಜಾತಿಗೆ ಎನ್‌ಎಂಡಿಎ ಅಂತ ಹೆಸರು. ಅದು ಸ್ವಲ್ಪ ಜಿಗುಟು ಬಾಗಿಲು. ಹೊರಗಿಂದ ತಟ್ಟಿದ್ರೆ ಸಾಲ್ದು, ಅದೇ ಹೊತ್ತಿಗೆ ಒಳಗಿರೋರೂ ಎದ್ದು ಓಡಾಡ್ತಿರಬೇಕು. ಎರಡೂ ಕೂಡಿ ಬಂದ್ರೆ ಮಾತ್ರ ತೆಗೆಯತ್ತೆ. ನಾವು ಕಲಿಯೋದು, ಕಂಡದ್ದನ್ನ ನೆನಪಿಟ್ಕೊಳ್ಳೋದು, ಬಹಳ ಮಟ್ಟಿಗೆ ಅಲ್ಲಿಂದಾನೆ ಶುರು.’

‘ನಮ್ಮ ತನುಜಾಗೆ?’

‘ಅವರ ಅಂಡಾಶಯದಲ್ಲಿ ಒಂದು ಗಡ್ಡೆ ಇತ್ತು. ಅದರೊಳಗೆ ಕೂದಲು, ಚರ್ಮ, ಮೆದುಳಿನ ನರದಂಥದ್ದೇ ಚೂರುಪಾರು, ಅದರಲ್ಲೂ ಇದೇ ಬಾಗಿಲು. ಇದು ಇಲ್ಲಿ ಇರಬಾರದ್ದು ಅಂತ ಮೈಯ ಕಾವಲುಗಾರರು ಅದರ ಮೇಲೆ ಬಿದ್ರು. ಬೀಳ್ಬೇಕಾದ್ದೇ. ಆದ್ರೆ ಅವರು ಮೆದುಳಿಗೂ ಹೋದ್ರು. ಅಲ್ಲೂ ಅದೇ ಬಾಗಿಲು ಕಂಡಿದ್ದೇ ಕಿತ್ತು ಒಳಕ್ಕೆ ಎಳೆದು ಹಾಕಿದ್ರು. ಮೊದಲು ಹುಚ್ಚಿನ ಹಾಗೇ ಕಾಣತ್ತೆ. ಆಮೇಲೆ ಬಾಯಿ, ಕೈ ತಮ್ಮಷ್ಟಕ್ಕೆ ಆಡ್ತಾವೆ. ಕೆಲವರು ಏನೋ ಮೆಲ್ತಿರೋ ಹಾಗೆ ಬಾಯಾಡಿಸ್ತಾರೆ. ಈ ಕಾಯಿಲೆಗೆ ಹೆಸರಿಟ್ಟೇ ಎರಡು ವರ್ಷ ಆಯ್ತು ಅಷ್ಟೆ. ಎಷ್ಟು ಹೆಣ್ಣುಮಕ್ಕಳನ್ನ ಹುಚ್ಚಿ ಅಂತ ಕೂಡಿಹಾಕಿದ್ರೋ ಏನೋ.’

ರಾಜಮ್ಮ ಸೆರಗಿನ ತುದಿ ನೋಡುತ್ತ ಕೇಳಿದಳು: ‘ಬಾಯಾಡಿಸ್ತಾರೆ ಅಂದ್ರಲ್ಲ, ಬೇಕು ಅಂತ ಮಾಡಲ್ವಾ ಅದು?’

‘ಬೇಕು ಅಂತ ಮಾಡೋಕೆ ಆಗ ಒಳಗೆ ಯಾರಿರ್ತಾರಮ್ಮ?’

ಎದ್ದು ಬರುವಾಗ ಅವರು ಇನ್ನೊಂದು ಮಾತು ಸೇರಿಸಿದರು. ಆ ಬಾಗಿಲು ಮುಚ್ಚಿದರೆ ಹೀಗೆ, ಅತಿಯಾಗಿ ತೆರೆದುಕೊಂಡರೂ ಕೇಡೇ. ‘ನಿಮ್ಮ ಯಜಮಾನರಿಗೆ ಲಕ್ವ ಹೊಡೀತಲ್ಲ, ರಕ್ತ ನಿಂತ ಜಾಗದಲ್ಲಿ ಅದೇ ಬಾಗಿಲು ತೆರೆದದ್ದು ಮುಚ್ಚೋದೇ ಇಲ್ಲ. ಜೀವಕೋಶ ಹಾಗೇ ಸಾಯ್ತಾವೆ.’ ಆ ಮಾತು ಮನೆಯ ತನಕವೂ ರಾಜಮ್ಮನ ಜೊತೆ ಬಂತು. ಓದು ಅವಳಿಗೆ ಅಷ್ಟಕ್ಕಷ್ಟೆ. ಆದರೆ ಬಾಗಿಲು ಗೊತ್ತು. ತನ್ನ ಬಾಗಿಲು ಯಾವತ್ತೂ ಮುಚ್ಚಿಲ್ಲ. ಅತ್ತೆ ಎಮ್ಮೆ ಅಂದ ದಿನ ಉಟ್ಟ ಸೀರೆಯ ಅಂಚು ಕೂಡ ಒಳಗೇ ಇದೆ. ಇತ್ತ ಈ ಹುಡುಗಿ ತುಟಿ ಸೀಳಿ ನಿಂತಾಗ ಹೊರಗಿನಿಂದ ತಟ್ಟಿದ್ದು ಮಾತ್ರ ತಾನು. ಒಳಗೆ ಯಾರೂ ಇರಲಿಲ್ಲ. ಯಾರೂ ಇಲ್ಲದ ಮನೆಯ ಬಾಗಿಲನ್ನು ಒಡೆದು ಬಂದವಳ ಹಾಗೆ ಆಗಿತ್ತು ಅವಳಿಗೆ. ಆಮೇಲೆ ಮಗನನ್ನು ಎರಡು ಸಲ ಕೇಳಿದಳು, ಮರೆತದ್ದು ಮರಳಿ ಬರುತ್ತದಾ ಅಂತ. ‘ಬರಲ್ವಂತೆ. ಬರೋದೆಲ್ಲಿಂದ? ಒಳಗೆ ಹೋಗೇ ಇಲ್ಲ’ ಅಂದ. ಅವನ ದನಿಯಲ್ಲೂ ಅದೇ ಬೆಲ್ಲದ ಚೂರು ಇತ್ತು.

ಕರೆದುಕೊಂಡು ಬರಲು ಅವನೇ ಹೋಗಬೇಕಿತ್ತು. ಬೀಗರು ಒಪ್ಪಲಿಲ್ಲ. ಕಳಿಸಿದೋರೇ ಬಂದು ಕರ್ಕೊಂಡು ಹೋಗ್ಲಿ ಅಂದರಂತೆ ಷಡಕ್ಷರಪ್ಪನವರು, ತನುಜಾಳ ತಂದೆ. ನ್ಯಾಯವಾದ ಮಾತೇ.

ಭದ್ರಾವತಿಯ ಸೇತುವೆ ದಾಟಿ ಬಸ್ಸಿಳಿದಾಗ ಕಾರ್ಖಾನೆಯ ಕಡೆಯಿಂದ ಸುಟ್ಟ ಕಬ್ಬಿಣದ ಹಾಗಿನ ವಾಸನೆ ಬರುತ್ತಿತ್ತು. ಹೊಸಮನೆಯ ಒಳರಸ್ತೆಯಲ್ಲಿ ನಡೆದು ಬರುವಾಗ ಚೀಲದ ಹಿಡಿ ಅಂಗೈಗೆ ಒತ್ತುತ್ತಿತ್ತು. ಅವರು ಒಳಗೇ ಕರೆಯದಿದ್ದರೆ? ಹುಡುಗಿ ಕಂಡ ಕೂಡಲೇ ಚೀರಿದರೆ? ಡಾಕ್ಟರಿಗೆ ಎಲ್ಲ ಗೊತ್ತಿರುತ್ತದಾ? ಒಂದೇ ಒಂದು ಕಿಂಡಿ ತೆರೆದಿದ್ದರೆ, ಆ ಒಂದು ಗಳಿಗೆ ಮಾತ್ರ ಒಳಗೆ ಹೋಗಿದ್ದರೆ? ಪಕ್ಕದ ಮನೆಯ ಜಗಲಿಯಲ್ಲಿ ಬತ್ತಿ ಹೊಸೆಯುತ್ತಿದ್ದ ತಮಿಳು ಹೆಂಗಸು ತಲೆಯಿಂದ ಕಾಲಿನ ತನಕ ನೋಡಿ, ‘ಚಿನ್ನಮ್ಮಾ, ಮಾಮಿಯಾರ್ ವಂದಾಚು’ ಅಂತ ಕೂಗಿದಳು. ಅತ್ತೆ ಬಂದಳು ಅನ್ನುವುದು ಆ ಬೀದಿಗೆಲ್ಲ ಗೊತ್ತಾಯಿತು.

ಷಡಕ್ಷರಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುತ್ತಿದ್ದವನು ಏಳಲಿಲ್ಲ. ಕಾಗದದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಮನುಷ್ಯ. ಮಿಷನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸ, ದನಿ ದೊಡ್ಡದು.

‘ಬರ್ಬೇಕು, ಬರ್ಬೇಕು. ದುರ್ಗಿಗುಡಿಯೋರು ಬಸ್ಸಲ್ಲಿ ಬಂದ್ರಾ? ಕಳಿಸೋಕೆ ವ್ಯಾನು, ಕರ್ಕೊಂಡ್ ಹೋಗೋಕೆ ಬಸ್ಸು. ಚೆನ್ನಾಗಿದೆ ವ್ಯವಸ್ಥೆ.’

‘ಚೆನ್ನಾಗಿದೀರಾ ಅಣ್ಣ?’

‘ನಮ್ಮದೇನು, ಮಾರಾಯ್ತಿ, ಹುಚ್ಚಿನ ಮನೆತನ. ಚೆನ್ನಾಗೇ ಇರ್ತೀವಿ.’

ರಾಜಮ್ಮ ಚಪ್ಪಲಿ ಬಿಡುತ್ತ ಬಗ್ಗಿದಳು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗೇ ಇದ್ದಳು. ಆ ಮಾತು ತನ್ನದೇ. ಫೋನಿನಲ್ಲಿ ಅಂದದ್ದು. ಆತ ಅದನ್ನು ಜೋಪಾನ ಮಾಡಿ ಇಟ್ಟಿದ್ದ. ಒಳಗಿನಿಂದ ತನುಜಾಳ ತಾಯಿ ಚಿನ್ನಮ್ಮ ಬಂದಳು, ‘ರೀ, ಮಗಳು ಒಳಗಿದಾಳೆ’ ಅಂತ ಗಂಡನಿಗೆ ಸಣ್ಣಗೆ ಅಂದಳು, ರಾಜಮ್ಮನ ಕೈಯಿಂದ ಚೀಲ ತೆಗೆದುಕೊಂಡಳು. ಬಡಕಲಾಗಿದ್ದಳು. ಕಣ್ಣಿನ ಸುತ್ತ ಕಪ್ಪು ಹಬ್ಬಿತ್ತು; ಯಾರೋ ನೆಲ ಒರೆಸಿ ಹಿಂಡಿ ಒಣಹಾಕಿದ ಬಟ್ಟೆಯ ಹಾಗೆ ಕಂಡಳು. ‘ಬನ್ನಿ ಅಕ್ಕ’ ಅಂದಳು. ಅಷ್ಟೆ. ಬೈಗುಳಕ್ಕೆ ಸಿದ್ಧಳಾಗಿ ಬಂದಿದ್ದ ರಾಜಮ್ಮನಿಗೆ ಕಾಲಿಡಲು ನೆಲ ಸಿಗಲಿಲ್ಲ.

ಅಷ್ಟರಲ್ಲಿ ತನುಜಾ ಬಂದಳು. ಬೋಳಿಸಿದ ತಲೆಯಲ್ಲಿ ಕೂದಲು ಗೇಣುದ್ದ ಕೂಡ ಬಂದಿರಲಿಲ್ಲ. ಕುತ್ತಿಗೆಯ ಪಕ್ಕದಲ್ಲಿ ನಳಿಕೆ ಹಾಕಿದ್ದ ಗಾಯದ ಗುರುತು. ಕೆಳತುಟಿಯ ಮೇಲೆ ಸಣ್ಣ ಬಿಳಿ ಗೆರೆ. ರಾಜಮ್ಮ ಅದೊಂದನ್ನೇ ನೋಡಿದಳು. ಹುಡುಗಿ ಸೀದಾ ಬಂದು ಕಾಲಿಗೆ ಬಿದ್ದಳು, ಎದ್ದವಳೇ ಎರಡೂ ಕೈ ಹಿಡಿದುಕೊಂಡಳು.

‘ಅತ್ತೆ, ಅಮ್ಮ ಎಲ್ಲ ಹೇಳಿದ್ಲು. ಆಸ್ಪತ್ರೇಲಿ ನೀವೇ ನನ್ನ ಪಕ್ಕ ಕೂತಿದ್ರಂತಲ್ಲ. ಗಂಜಿ ಕುಡ್ಸಿದ್ದು, ಮೈ ಒರೆಸಿದ್ದು ಎಲ್ಲ ನೀವೇ ಅಂತೆ. ಕರ್ಮ ನೋಡಿ, ನನಗೆ ಒಂದು ಚೂರೂ ನೆನಪಿಲ್ಲ.’

ರಾಜಮ್ಮ ಚಿನ್ನಮ್ಮನ ಕಡೆ ತಿರುಗಿದಳು. ಚಿನ್ನಮ್ಮ ಚೀಲದಿಂದ ಬಾಳೆಹಣ್ಣು ತೆಗೆದು ತಟ್ಟೆಗೆ ಜೋಡಿಸುತ್ತಿದ್ದಳು, ತಲೆಯೆತ್ತಲಿಲ್ಲ. ಬಾಗಿಲಲ್ಲಿ ಪೇಪರು ಜೋರಾಗಿ ಮಡಚಿದ ಸದ್ದು ಬಂತು. ಯಾರಾದರೂ ನಗಬಹುದಿತ್ತು. ಯಾರೂ ನಗಲಿಲ್ಲ.

‘ಹೇಳಿ ಅತ್ತೆ, ಹೇಗಿದ್ದೆ ನಾನು ಆಗ?’ ತನುಜಾ ಪಕ್ಕದಲ್ಲೇ ಕೂತಳು. ‘ಅಮ್ಮನ್ನ ಕೇಳಿದ್ರೆ ಅತ್ತೇನೆ ಕೇಳು ಅಂತಾಳೆ. ಅಷ್ಟು ತಿಂಗಳು ಯಾರೋ ಕತ್ತರಿಸಿ ತೆಗೆದ ಹಾಗಿದೆ. ಗಂಜಿ ನಾನು ಸುಮ್ನೆ ಕುಡೀತಿದ್ನಾ?’

‘ಕುಡೀತಿದ್ದೆ’ ಅಂದಳು ರಾಜಮ್ಮ.

‘ರಾಗಿ ಗಂಜಿ ಅಲ್ವಾ ಅಕ್ಕ?’ ಚಿನ್ನಮ್ಮ ತಟ್ಟೆಯನ್ನೇ ನೋಡುತ್ತ ಅಂದಳು. ‘ಮೂಗಿನ ನಳಿಕೆ ತೆಗೆದ ಮೇಲೆ. ಚಮಚದಲ್ಲಿ ಹಾಕಿದ್ರೆ ಅರ್ಧ ಕುತ್ತಿಗೆಗೆ ಸುರಿಯೋದು. ನೀವು ಟವೆಲು ಇಟ್ಕೊಂಡೇ ಕೂರ್ತಿದ್ರಿ.’

‘ಹೌದು. ಟವೆಲು.’

‘ಕೈ ಕಟ್ಟಿದ್ರು ಮಂಚಕ್ಕೆ. ಕಟ್ಟು ಬಿಚ್ಚಿ ನೀವೇ ಕೈ ಹಿಡ್ಕೊಂಡು ಬೆಳಗು ಮಾಡ್ತಿದ್ರಿ. ಬಿಟ್ರೆ ನಳಿಕೆ ಕಿತ್ಕೊಳ್ಳೋಳು.’

‘ಹೌದು’ ಅಂದಳು ರಾಜಮ್ಮ. ಒಂದೊಂದಾಗಿ ಆ ಹೆಂಗಸು ತನ್ನ ಮೈಮೇಲಿನದನ್ನು ಕಳಚಿ ಇವಳಿಗೆ ತೊಡಿಸುತ್ತಿದ್ದಳು. ತಾನು ಕಾದ ರಾತ್ರಿಗಳು, ತಾನು ಒಗೆದ ಬಟ್ಟೆಗಳು. ಬೇಡ ಅನ್ನಲು ಬಾಯಿ ಬರಲಿಲ್ಲ. ತೊಟ್ಟುಕೊಳ್ಳಲು ಮೈ ಒಪ್ಪಲಿಲ್ಲ.

ತನುಜಾ ಮತ್ತೆ ಕೇಳಿದಳು: ‘ಆ ಕಾಯಿಲೇಲಿ ಮನುಷ್ಯರು ಹೊಡೀತಾರಂತೆ, ಉಗೀತಾರಂತೆ. ಡಾಕ್ಟರು ಹೇಳಿದ್ರು. ನಾನು ನಿಮಗೆ ಹೊಡೆದ್ನಾ ಅತ್ತೆ?’

‘ಇಲ್ಲ.’

‘ಸುಳ್ಳು ಹೇಳ್ಬೇಡಿ. ಹೊಡೆದಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ನಾನಾಗಿ ಮಾಡಿದ್ದಲ್ಲ.’

ರಾಜಮ್ಮ ಎದ್ದಳು. ನೀರು ಕುಡೀತೀನಿ ಅಂದು ಅಡಿಗೆಮನೆಗೆ ಹೋದಳು. ಚಿನ್ನಮ್ಮ ಹಿಂದೆಯೇ ಬಂದು ಚೆಂಬು ಕೊಟ್ಟಳು. ಒಲೆಯ ಮೇಲೆ ಶಾವಿಗೆ ಪಾಯಸ ಕುದಿಯುತ್ತಿತ್ತು. ನೀರು ಕುಡಿದು ಚೆಂಬು ಇಟ್ಟು ರಾಜಮ್ಮ ಆ ಹೆಂಗಸಿನ ಕೈ ಹಿಡಿದುಕೊಳ್ಳಲು ಹೋದಳು. ಚಿನ್ನಮ್ಮ ಕೈ ಹಿಂದೆ ತೆಗೆದುಕೊಂಡಳು.

‘ಬೇಡ ಅಕ್ಕ. ನಿಮಗೋಸ್ಕರ ಹೇಳಿದ್ದಲ್ಲ ಅದು. ವ್ಯಾನಿಂದ ಇಳಿದಾಗ ಅವಳ ಬಾಯಿ ಹೇಗಿತ್ತು ಅಂತ ನಾನು ನೋಡಿದೀನಿ. ಆ ರಕ್ತ ಒರೆಸಿದೋಳು ನಾನು. ತುಟಿ ಮೇಲೆ ಇದೇನಮ್ಮ ಗೆರೆ ಅಂತ ಕೇಳಿದ್ಲು. ಫಿಟ್ಸ್ ಬಂದಾಗ ಕಚ್ಕೊಂಡೆ ಅಂದೆ.’ ಸೌಟಿನಿಂದ ಪಾಯಸ ತಿರುವಿದಳು. ‘ಇವರಿಗೂ ನನಗೂ ವಯಸ್ಸಾಯ್ತು. ಅವಳ ಗಂಡನ ಮೇಲೆ ಅವಳಿಗೆ ಜೀವ. ಹೋಗ್ತೀನಿ ಅಂತಾಳೆ. ಹೋಗೋಳು ಹೆದರ್ಕೊಂಡು ಹೋಗೋದು ಬೇಡ ಅಂತ. ಒಂದು ಹೆಣ್ಣು ದಿನಾ ಯಾರ ಕೈಯಲ್ಲಿ ಉಣ್ಬೇಕೋ ಅವರ ಮೇಲೆ ನಂಬಿಕೆ ಇರ್ಬೇಕಲ್ಲ.’

‘ನಾನೇ ಹೇಳಿಬಿಡ್ತೀನಿ ಚಿನ್ನಮ್ಮ. ತಡ್ಕೊಳ್ಳೋಕಾಗಲ್ಲ ನನಗೆ.’

‘ತಡ್ಕೊಳ್ಳಿ’ ಅಂದಳು ಚಿನ್ನಮ್ಮ. ದನಿ ಏರಲಿಲ್ಲ. ‘ನಾನು ತಡ್ಕೊಂಡಿಲ್ವಾ?’

ಊಟವಾಯಿತು. ಷಡಕ್ಷರಪ್ಪ ರಾಜಮ್ಮನ ಎಲೆಗೆ ತಾನೇ ಎದ್ದು ತುಪ್ಪ ಬಡಿಸಿ, ‘ಉಣ್ಣಿ, ಉಣ್ಣಿ. ಗಂಜಿ ಕುಡ್ಸಿ ಕುಡ್ಸಿ ದಣಿದಿದೀರಿ’ ಅಂದ. ತನುಜಾ ನಕ್ಕಳು, ‘ಅಪ್ಪ, ಅತ್ತೇನ ರೇಗಿಸ್ಬೇಡ’ ಅಂದಳು. ಅನ್ನ ಕಲಸಿದ ರಾಜಮ್ಮನ ಕೈ ಎಲೆಯ ಮೇಲೆ ಹಾಗೇ ಇತ್ತು. ಹೊರಡುವ ಹೊತ್ತಿಗೆ ಚಿನ್ನಮ್ಮ ಮಗಳ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ, ಕುಪ್ಪಸದ ಬಟ್ಟೆ ತುಂಬಿದಳು. ಬೆಳಿಗ್ಗೆಯ ಮಾತ್ರೆ ಯಾವುದು, ಊಟವಾದ ಮೇಲಿನದು ಯಾವುದು, ನಿದ್ದೆಗೆಟ್ಟರೆ ಕೂಡಲೇ ಡಾಕ್ಟರಿಗೆ ಹೇಳಬೇಕು ಅನ್ನುವುದನ್ನು ರಾಜಮ್ಮನಿಗೆ ಎರಡೆರಡು ಸಲ ಹೇಳಿದಳು. ಮಗಳು ಚಪ್ಪಲಿ ಮೆಟ್ಟಿಕೊಳ್ಳುವಾಗ ಷಡಕ್ಷರಪ್ಪ ರಾಜಮ್ಮನ ಹತ್ತಿರ ಬಂದು ನಿಂತ. ಆ ದೊಡ್ಡ ದನಿ ಎಲ್ಲಿ ಹೋಗಿತ್ತೋ. ‘ಅವಳು ಮತ್ತೆ ಬಾಯಾಡ್ಸಿದ್ರೆ ಫೋನ್ ಮಾಡಿ. ನಾನೇ ಬರ್ತೀನಿ’ ಅಂದ. ಕೈ ಮುಗಿದ.

ವಾಪಸಿನ ಬಸ್ಸಿನಲ್ಲಿ ತನುಜಾ ಕಿಟಕಿಯ ಕಡೆ ಕೂತಳು. ಹಸಿರು ಸೀರೆ ಉಟ್ಟಿದ್ದಳು, ಗೇಣಿಗೂ ಕಡಿಮೆಯ ಕೂದಲಿಗೆ ಹೇಗೋ ಪಿನ್ನು ಸಿಕ್ಕಿಸಿ ಸೇವಂತಿಗೆ ಮುಡಿದಿದ್ದಳು. ಒಂದಷ್ಟು ದೂರ ಏನೇನೋ ಮಾತಾಡಿದಳು. ಬಸ್ಸಿನ ಬೋರ್ಡು ಓದಲು ಈಗಲೂ ಒಂದು ಗಳಿಗೆ ಹೆಚ್ಚು ಬೇಕು, ಲೆಕ್ಕ ತಪ್ಪುತ್ತದೆ, ಬೆಳಿಗ್ಗೆ ಕೇಳಿದ್ದು ಸಂಜೆಗೆ ಇರುವುದಿಲ್ಲ, ಆದರೆ ದಿನ ದಿನಕ್ಕೆ ವಾಸಿ ಅಂದಳು. ಬಾಗಿಲುಗಳು ಮತ್ತೆ ಹುಟ್ಟಿಕೊಳ್ಳುತ್ತಿವೆಯಂತೆ, ನಿಧಾನಕ್ಕೆ. ರಾಜಮ್ಮ ಹೂಂಗುಟ್ಟುತ್ತಿದ್ದಳು. ಇನ್ನು ಮೇಲೆ ಒಳಗೆ ಹೋದದ್ದು ಉಳಿಯುತ್ತದೆ. ಈಗ ತಾನು ಆಡುವ ಮಾತು ಆ ಹುಡುಗಿಯೊಳಗೆ ಮನೆ ಮಾಡುತ್ತದೆ. ನಾಳೆ ಎದುರುಮನೆಯವಳು ಗೇಟಿನ ಹತ್ತಿರ ನಿಂತು ಏನೋ ಅನ್ನುತ್ತಾಳೆ, ಅತ್ತಿಗೆ ಬಂದರೆ ಹೊಟ್ಟೆ ಹಿಡಿದು ನಗುತ್ತ ಆ ದಿನದ್ದು ತೆಗೆಯುತ್ತಾಳೆ, ಅಂಗಡಿಯವರಿಗೆಲ್ಲ ಗೊತ್ತು. ಅವರ ಬಾಯಿಂದ ಬರುವ ಮೊದಲು ತನ್ನ ಬಾಯಿಂದ ಬರಲಿ. ಬೈಯಲಿ. ಕೈಯೆತ್ತಲಿ. ಅಷ್ಟಾದರೂ ಆದರೆ ಇವತ್ತು ರಾತ್ರಿ ಒಂದು ತುತ್ತು ಇಳಿದೀತು.

‘ತನುಜಾ’ ಅಂದಳು.

‘ಹೂಂ ಅತ್ತೆ.’

‘ನಿನ್ನಮ್ಮ ಹೇಳಿದ್ದು... ಆ ಗಂಜಿ... ಅದು ನಾನು...’

ತನುಜಾ ಹೊರಗೆ ನೋಡುತ್ತಿದ್ದವಳು ತಿರುಗಲಿಲ್ಲ. ಗಾಳಿಗೆ ಹೂವಿನ ಎಸಳು ಅಲುಗುತ್ತಿತ್ತು.

‘ಅಮ್ಮ ಸುಳ್ಳು ಹೇಳುವಾಗ ಮುಖ ನೋಡಲ್ಲ ಅತ್ತೆ’ ಅಂದಳು. ‘ಚಿಕ್ಕಂದಿನಿಂದ ಹಾಗೇ. ಇವತ್ತು ಬಾಳೆಹಣ್ಣನ್ನ ಮೂರು ಸಲ ಜೋಡಿಸಿದ್ಲು.’

ರಾಜಮ್ಮ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು.

‘ನಿಜ ಏನು ಅಂತ ನನಗೆ ಗೊತ್ತಿಲ್ಲ’ ತನುಜಾ ಅಂದಳು. ‘ನಿಮ್ಮ ಮಗನ್ನೂ ಕೇಳಿಲ್ಲ, ಅವರೂ ಹೇಳಿಲ್ಲ. ಅಮ್ಮ ಹೇಳಿದ್ದನ್ನೇ ದಿನಾ ಒಂದಿಷ್ಟು ನಂಬ್ತಾ ನಂಬ್ತಾ ಇಲ್ಲೀ ತನಕ ಬಂದಿದೀನಿ. ನೀವು ಬೇರೆ ಏನಾದ್ರೂ ಹೇಳಿದ್ರೆ ನಾನು ಮುಂದಿನ ಸ್ಟಾಪಲ್ಲಿ ಇಳೀಬೇಕಾಗತ್ತೆ. ಇಳಿದು ಎಲ್ಲಿಗೆ ಹೋಗ್ಲಿ? ಆ ಮನೇಲಿ ಅಮ್ಮ ಸತ್ತು ಹೋಗೋ ಹಾಗಿದಾಳೆ.’

‘ಆದ್ರೂ ತನುಜಾ, ನಿನಗೆ ಗೊತ್ತಾಗ್ಬೇಕಲ್ಲ...’

‘ನನಗಾ, ನಿಮಗಾ ಅತ್ತೆ?’

ಅದು ಬೈದ ದನಿಯಲ್ಲ. ಮಾತ್ರೆ ಯಾವ ಹೊತ್ತಿನದು ಅಂತ ಕೇಳಿದ ಹಾಗಿತ್ತು. ರಾಜಮ್ಮ ಬಾಯಿ ತೆರೆದಳು. ಬಸ್ಸು ಮಾಚೇನಹಳ್ಳಿಯಲ್ಲಿ ನಿಂತಿತು. ಶಿಫ್ಟು ಬಿಟ್ಟ ಹೆಂಗಸರು ಊಟದ ಡಬ್ಬಿ ಹಿಡಿದು ನುಗ್ಗಿದರು, ಅವರಲ್ಲೊಬ್ಬಳು ‘ಸ್ವಲ್ಪ ಸರೀರಮ್ಮ’ ಅಂತ ಅದೇ ಸೀಟಿನ ತುದಿಗೆ ಕೂತಳು. ರಾಜಮ್ಮ ಸೊಸೆಯ ಭುಜಕ್ಕೆ ಒತ್ತಿಕೊಂಡಳು. ಆ ಮೈ ಬೆಚ್ಚಗಿತ್ತು. ಸರಿಯಲಿಲ್ಲ, ಒರಗಲೂ ಇಲ್ಲ. ಇನ್ನೂ ತೆರೆದೇ ಇದ್ದ ರಾಜಮ್ಮನ ಬಾಯಿಯನ್ನು ಕಂಡ ಕಂಡಕ್ಟರು ಏನೋ ಹೇಳಲಿಕ್ಕಿದೆ ಅಂದುಕೊಂಡು ಜನರ ತಲೆಯ ಮೇಲಿಂದ ಕೂಗಿದ:

‘ಏನಮ್ಮ, ಇಳೀತೀರಾ? ಬೇಗ ಹೇಳಿ, ಹೊರಡತ್ತೆ.’

‘ಇಲ್ಲ’ ಅಂದಳು ತನುಜಾ. ‘ನಾವಿಬ್ರೂ ಶಿವಮೊಗ್ಗಕ್ಕೆ.’

ಅವನು ಸೀಟಿ ಊದಿದ. ಪಕ್ಕದ ಹೆಂಗಸು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಹಸಿರು ಸೀರೆಯನ್ನೂ ಮಡಿಲಿನ ಗಂಟನ್ನೂ ನೋಡಿ, ‘ಮಗಳಾ?’ ಅಂತ ಕೇಳಿದಳು. ರಾಜಮ್ಮ ಕಾದಳು, ಆ ಉತ್ತರವನ್ನೂ ಸೊಸೆಯೇ ಹೇಳಲಿ ಅಂತ. ತನುಜಾ ಕಿಟಕಿಯ ಕಂಬಿಗೆ ಹಣೆ ಆನಿಸಿ ಕಣ್ಣು ಮುಚ್ಚಿದ್ದಳು. ಹೆಂಗಸು ಇನ್ನೂ ನೋಡುತ್ತಲೇ ಇದ್ದಳು.